ಮನೆಯೆದುರಿನ ದ್ವೀಪಕ್ಕೆ ಮೊದಲ ಪಯಣ

ದ್ವೀಪಯಾತ್ರೆಯೆಂದೊಡನೆ ನಮ್ಮ ಬಂಧುಗಳಲ್ಲಿ ಬಹುಮಂದಿಗೆ ಅಂಡಮಾನ್, ಲಕ್ಷದ್ವೀಪ, ಶ್ರೀಲಂಕೆಗಳ ನೆನಪಾಗುತ್ತದೆ. ಕರಾವಳಿಯ ಪರಿಚಯವುಳ್ಳವರು ಮಲ್ಪೆಯೆದುರಿನ ಸೇಂಟ್ ಮೇರೀಸ್ ದ್ವೀಪವನ್ನೋ, ಹೊನ್ನಾವರದ ಬಳಿ ಕಡಲ ನಡುವೆ ಕೆಳದಿಯ ಅರಸರು ಕೋಟೆ ಕಟ್ಟಿಸಿದ ಬಸವರಾಜದುರ್ಗವನ್ನೋ ಹೆಸರಿಸಿಯಾರು. ಕಾರ್ಗಲ್‌ನಲ್ಲಿ ವಾಸವಾಗಿರುವ ನಮಗೆ ಅಷ್ಟು ದೂರ ಹೋಗಬೇಕಾದ ಅಗತ್ಯವೇ ಇಲ್ಲ. ಲಿಂಗನಮಕ್ಕಿ ಅಣೆಕಟ್ಟಿನ ಹಿಂದೆ ಕಡಲಿನಂತೆ ಹಬ್ಬಿ ನಿಂತ ಶರಾವತಿಯ ಆಚೆ ದಡದಲ್ಲಿ ತುಮರಿ, ಬ್ಯಾಕೋಡು, ಕಳಸವಳ್ಳಿ, ಸಿಗಂದೂರು ಮೊದಲಾದ ಊರುಗಳನ್ನೊಳಗೊಂಡ ಕರೂರು ಹೋಬಳಿಯಿದೆ. ಸಾಗರ ತಾಲ್ಲೂಕಿನ ಜನ ಅರವತ್ತು ವರ್ಷಗಳಿಂದ ಅದನ್ನು ದ್ವೀಪವೆಂದೇ ಕರೆಯುತ್ತ ಬಂದಿದ್ದಾರೆ.

ಭೂಗೋಳದ ಲೆಕ್ಕದಲ್ಲಿ ನೋಡಿದರೆ ಅದು ಪೂರ್ಣ ದ್ವೀಪವಲ್ಲ. ಒಂದು ಕಡೆ ಸಹ್ಯಾದ್ರಿಯ ದಟ್ಟ ಕಾಡು, ಉಳಿದ ಕಡೆಗಳಲ್ಲಿ ಹಿನ್ನೀರು. ನೀರು ದಾಟಲಾಗದವರು ಹೊಸನಗರ, ನಗರ, ನಿಟ್ಟೂರುಗಳನ್ನು ಬಳಸಿ ಕಾಡುದಾರಿಯಲ್ಲಿ ಬರಬೇಕಾಗಿತ್ತು. ತಾಲ್ಲೂಕು ಕಚೇರಿ, ದೊಡ್ಡಾಸ್ಪತ್ರೆ, ಕಾಲೇಜು, ಸಂತೆ ಎಲ್ಲವೂ ನೀರಿನ ಈಚೆಗೆ ಇದ್ದು, ಕತ್ತಲಾದೊಡನೆ ಲಾಂಚು ನಿಂತುಬಿಡುವ ನಾಡಿಗೆ ದ್ವೀಪವೆಂಬ ಹೆಸರು ಸಲ್ಲದೆ ಹೋಗುವುದಿಲ್ಲ. ಹೆರಿಗೆಯ ನೋವು, ಹಾವಿನ ಕಡಿತ, ಎದೆನೋವು ಇವು ಗಂಟೆ ನೋಡಿ ಬರುವುವೇ?

ಈ ದ್ವೀಪಕ್ಕೆ ಒಂದು ಹಗಲು, ಒಂದು ರಾತ್ರಿ, ಮತ್ತೊಂದು ಹಗಲಿನ ಮಟ್ಟಿಗೆ ಹೋಗಿಬರಬೇಕೆಂದು ನಮ್ಮ ಮನೆಯಲ್ಲಿಯೂ ನೆರೆಯ ಎರಡು ಮನೆಗಳಲ್ಲಿಯೂ ಸೇರಿ ನಿಶ್ಚಯಿಸಿದ್ದೇವೆ. ಮಕ್ಕಳು ಹಿರಿಯರೆಲ್ಲ ಸೇರಿ ಹನ್ನೊಂದು ಮಂದಿ. ಎಲ್ಲರಿಗೂ ಇದು ಮೊದಲ ಭೇಟಿ. ಇಷ್ಟು ಸಮೀಪದಲ್ಲಿದ್ದೂ ಇದುವರೆಗೆ ಹೋಗದಿದ್ದುದೇಕೆ ಎಂದು ಪರಊರಿನ ಬೀಗರು ಕೇಳುತ್ತಾರೆ. ಕಾರ್ಗಲ್‌ನ ಜನಜೀವನ ಬಲ್ಲವರಿಗೆ ಇದರಲ್ಲಿ ಆಶ್ಚರ್ಯವಿಲ್ಲ. ನಮ್ಮ ಊರು ಬೆಳೆದದ್ದೇ ವಿದ್ಯುತ್ ಯೋಜನೆಯಿಂದ. 1948ರಲ್ಲಿ ಜೋಗದ ವಿದ್ಯುದಾಗಾರ ಆರಂಭವಾಯಿತು. ಅದಕ್ಕೆ ನೀರೊದಗಿಸಲು ಮಡೇನೂರಿನ ಬಳಿ ಹಿರೇಭಾಸ್ಕರ ಅಣೆಕಟ್ಟು ನಿಂತಿತು. ಆ ಬಳಿಕ 1964ರಲ್ಲಿ ಲಿಂಗನಮಕ್ಕಿ ಪೂರ್ಣಗೊಂಡು ಹಿರೇಭಾಸ್ಕರವನ್ನೂ ನುಂಗಿತು. ಬಯಲುಸೀಮೆಯಿಂದ, ಧಾರವಾಡ ಸೀಮೆಯಿಂದ, ಹೊರರಾಜ್ಯಗಳಿಂದ ಕೆಲಸ ಅರಸಿ ಬಂದ ಕುಟುಂಬಗಳು ಇಲ್ಲಿಯ ಕಾಲೊನಿಗಳಲ್ಲಿ ನೆಲೆಸಿದವು. ನಮ್ಮ ಮನೆಯವರೂ ಹಾಗೆ ಹಾವೇರಿ ಕಡೆಯಿಂದ ಬಂದವರು. ರಜೆ ಬಂದರೆ ಹುಟ್ಟೂರಿನ ಜಾತ್ರೆಗೆ, ಮಠದ ಉತ್ಸವಕ್ಕೆ ತಲಗುಪ್ಪದ ಕಡೆ ಮುಖ ಮಾಡುತ್ತಿದ್ದೆವು. ನೀರಿನ ಕಡೆ ಮುಖ ಮಾಡುವ ಪ್ರಸಂಗ ಒದಗಲಿಲ್ಲ.

ಈಗ ಆ ಪ್ರಸಂಗ ಒದಗಿದ್ದಕ್ಕೆ ಕಾರಣ ಸೇತುವೆ. ಅಂಬಾರಗೋಡ್ಲಿನಿಂದ ಕಳಸವಳ್ಳಿಗೆ ಹಿನ್ನೀರಿನ ಮೇಲೆ ನಿರ್ಮಿಸಿದ 2.44 ಕಿಲೋಮೀಟರ್ ಉದ್ದದ ಸೇತುವೆ 2025ರ ಜುಲೈ 14ರಂದು ಉದ್ಘಾಟನೆಗೊಂಡಿತು. ದಪ್ಪ ಉಕ್ಕಿನ ಹಗ್ಗಗಳಿಂದ ಕಂಬಗಳಿಗೆ ತೂಗುಹಾಕಿದ ಈ ಬಗೆಯ ಸೇತುವೆಗಳಲ್ಲಿ ಇದು ನಮ್ಮ ದೇಶದ ಎರಡನೆಯ ಅತಿ ಉದ್ದದ್ದೆಂದು ಹೇಳಲಾಗಿದೆ. ಅದರಾಚೆಯ ಜನ ಇದಕ್ಕಾಗಿ ಹಲವು ದಶಕಗಳ ಕಾಲ ಕೇಳಿಕೊಂಡಿದ್ದರು. ಸೇತುವೆ ತೆರೆದ ಮೇಲೆ ಹೊಳೆಬಾಗಿಲಿನ ಲಾಂಚಿನ ನಿತ್ಯದ ಕೆಲಸ ಮುಗಿದಂತಾಯಿತು. ಬಸ್ಸನ್ನೂ ಕಾರನ್ನೂ ಮನುಷ್ಯರನ್ನೂ ಒಟ್ಟಿಗೆ ಹೊತ್ತು ತೇಲುತ್ತಿದ್ದ ಆ ಲಾಂಚಿನ ಕಾಲ ನಮ್ಮ ಕಣ್ಣೆದುರಿಗೇ ಸಂದುಹೋಗುತ್ತಿದೆ.

ಹೋಗುವುದು ಹೇಗೆಂಬ ಪ್ರಶ್ನೆ ಬಂದಾಗ ಮನೆಯಲ್ಲಿ ಎರಡು ಪಕ್ಷಗಳಾದವು. ಮಕ್ಕಳಿಗೆಲ್ಲ ಸೇತುವೆ ನೋಡುವ ತವಕ. ನಮ್ಮ ಮುತ್ಯಾ ಮಾತ್ರ, ಹೋಗುವುದಾದರೆ ನೀರಿನ ಮೇಲೆಯೇ ಹೋಗಬೇಕು, ಇಲ್ಲದಿದ್ದರೆ ನನ್ನನ್ನು ಮನೆಯಲ್ಲಿ ಬಿಡಿ ಎಂದರು. ಅವರಿಗೀಗ ಎಂಬತ್ತೊಂದು. ಹದಿನೆಂಟರ ಹರೆಯದಲ್ಲಿ ಲಿಂಗನಮಕ್ಕಿಯ ಕೆಲಸಕ್ಕೆ ಸೇರಿದವರು. ಊಟದ ಹೊತ್ತಿನಲ್ಲಿ ಕೆಲಸಗಾರ ಹುಡುಗರಿಗೆ ಮಜ್ಜಿಗೆ ಕೊಡುತ್ತಿದ್ದ ಹೊಳೆದಂಡೆಯ ಒಂದು ಮನೆಯ ತಾಯಿಯ ವಿಚಾರವನ್ನು ಅವರು ಎಷ್ಟೋ ಸಲ ಹೇಳಿದ್ದುಂಟು. ನೀರು ಏರತೊಡಗಿದ ವರ್ಷ ಆ ಮನೆಯವರು ಗಾಡಿಯ ಮೇಲೆ ಬಾಗಿಲಿನ ದಾರಂದವನ್ನೂ ತುಳಸಿಕಟ್ಟೆಯ ಕಲ್ಲನ್ನೂ ಹೇರಿಕೊಂಡು ಹೋದರಂತೆ; ಎಲ್ಲಿಗೆ ಹೋದರೆಂದು ತಿಳಿಯಲಿಲ್ಲವಂತೆ. ಕರೂರು ಸೀಮೆಯ ಮೇಲಿನ ಊರುಗಳಲ್ಲಿ ಆ ಮನೆತನದವರು ಯಾರಾದರೂ ಇರಬಹುದೇ ಎಂದು ಒಮ್ಮೆ ವಿಚಾರಿಸಬೇಕೆಂಬುದು ಅವರ ಆಸೆ. ಈ ಆಸೆ ತಿಳಿದ ಮೇಲೆ ನಮ್ಮ ಯೋಜನೆಯ ಸ್ವರೂಪವೇ ಬದಲಾಯಿತು.

ಆದ್ದರಿಂದ ನೀರಿನ ಮೇಲೆ ಹೋಗಿ ಸೇತುವೆಯ ಮೇಲೆ ಮರಳುವುದೆಂದು ತೀರ್ಮಾನಿಸಿದೆವು. ಹಿನ್ನೀರನ್ನು ದಾಟುವ ಕಡವುಗಳಾಗಿ ಬಳಕೆಯಲ್ಲಿ ಬಂದಿರುವುವು ಮುಖ್ಯವಾಗಿ ಮೂರು: ಹೊಳೆಬಾಗಿಲು, ಹಸಿರುಮಕ್ಕಿ, ಹಲ್ಕೆ–ಮುಪ್ಪಾನೆ. ಇವುಗಳಲ್ಲಿ ಮುಪ್ಪಾನೆ ನಮಗೆ ಹತ್ತಿರದ್ದು. ಕಾರ್ಗಲ್‌ನಿಂದ ಭಟ್ಕಳದ ರಸ್ತೆ ಹಿಡಿದು ಕಾಡಿನೊಳಗೆ ಸಾಗಿದರೆ ನೀರಿನಂಚು ಸಿಗುತ್ತದೆ. ಆದರೆ ಕಡವಿನ ಲಾಂಚು ರೈಲಿನಂತೆ ವೇಳಾಪಟ್ಟಿಗೆ ಕಟ್ಟುಬಿದ್ದದ್ದಲ್ಲ. ಬೇಸಗೆಯಲ್ಲಿ ನೀರಿಳಿದರೆ ದಡಕ್ಕೆ ತಾಗಲಾರದೆ ನಿಲ್ಲುತ್ತದೆ, ದುರಸ್ತಿಗೆ ಬಂದರೂ ನಿಲ್ಲುತ್ತದೆ. ಹೊರಡುವ ಹಿಂದಿನ ದಿನವೇ ಊರಿನಲ್ಲಿ ವಿಚಾರಿಸಿಕೊಳ್ಳಬೇಕು. ಲಾಂಚು ಇಲ್ಲವೆಂದಾದರೆ ಸಾಗರ, ಆವಿನಹಳ್ಳಿ ಮಾರ್ಗವಾಗಿ ಸೇತುವೆಯ ಮೇಲೆಯೇ ಹೋಗುವುದೆಂದು ಮುತ್ಯಾರನ್ನೂ ಒಪ್ಪಿಸಿದ್ದೇವೆ. ಒಪ್ಪಿದರು, ಆದರೆ ಮುಖದಲ್ಲಿ ಒಪ್ಪಿಗೆಯಿರಲಿಲ್ಲ.

ಕಾಲದ ಆಯ್ಕೆಯಲ್ಲಿ ಬಂಧುಗಳು ಎಚ್ಚರ ವಹಿಸಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿಯ ಮಳೆ ಬಯಲುಸೀಮೆಯವರ ಕಲ್ಪನೆಗೆ ನಿಲುಕುವಂಥದ್ದಲ್ಲ. ಎದುರಿನ ದಡ ಕಾಣದು. ಕಾಲಿಗೆ ಉಂಬಳ ಹತ್ತಿದ್ದು ರಕ್ತ ನೋಡಿದ ಮೇಲೆಯೇ ಗೊತ್ತಾಗುತ್ತದೆ. ಬೇಸಗೆಯ ಕೊನೆಯಲ್ಲಿ ನೀರು ಹತ್ತಾರು ಅಡಿ ಇಳಿದು ಕೆಂಪು ಮಣ್ಣಿನ ದಿಬ್ಬಗಳು, ಅರವತ್ತು ವರ್ಷಗಳ ಹಿಂದೆ ಕಡಿದ ಮರಗಳ ಬೊಡ್ಡೆಗಳು ಬಯಲಾಗುತ್ತವೆ. ಕೆಲವು ವರ್ಷ ಹಿರೇಭಾಸ್ಕರ ಅಣೆಕಟ್ಟೂ ತಲೆಯೆತ್ತುತ್ತದೆ. ಅದನ್ನು ನೋಡಬೇಕೆನ್ನುವವರಿಗೆ ಮೇ ತಿಂಗಳೇ ಸರಿ. ಆದರೆ ಡಿಸೆಂಬರ್‌ನಿಂದ ಮೇವರೆಗಿನ ಕಾಲಕ್ಕೆ ಇನ್ನೊಂದು ಭಯವಿದೆ, ಅದು ಮಂಗನ ಕಾಯಿಲೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲ್ಪಟ್ಟ ಈ ಜ್ವರ ಉಣುಗಿನ ಕಡಿತದಿಂದ ಹರಡುತ್ತದೆ. 2018ರ ಕೊನೆಯಿಂದ 2019ರವರೆಗೆ ನಮ್ಮ ಸಮೀಪದ ಅರಳಗೋಡು ಸೀಮೆಯಲ್ಲಿ ಅದು ಜೀವಗಳನ್ನು ಬಲಿ ತೆಗೆದುಕೊಂಡದ್ದನ್ನು ನಾವು ಹತ್ತಿರದಿಂದ ಕಂಡಿದ್ದೇವೆ. ಆ ತಿಂಗಳುಗಳಲ್ಲಿ ಮಕ್ಕಳನ್ನು ಕಟ್ಟಿಕೊಂಡು ಕಾಡಿನ ಒಳಕ್ಕೆ ಅಲೆಯುವುದು ಸಲ್ಲದು. ಅನಿವಾರ್ಯವಾಗಿ ಹೋಗುವವರು ಮೈತುಂಬ ಬಟ್ಟೆ ತೊಟ್ಟು, ಆರೋಗ್ಯ ಇಲಾಖೆಯವರು ಕೊಡುವ ಎಣ್ಣೆಯನ್ನು ಕೈಕಾಲಿಗೆ ಹಚ್ಚಿಕೊಂಡು, ಮನೆಗೆ ಬಂದೊಡನೆ ಬಿಸಿನೀರಿನ ಸ್ನಾನ ಮಾಡಿ ಬಟ್ಟೆಗಳನ್ನು ಬಿಸಿನೀರಿನಲ್ಲಿ ನೆನೆಸಬೇಕು. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆಸ್ಪತ್ರೆಯವರಿಗೆ ತಿಳಿಸಬೇಕು.

ಇವೆಲ್ಲವನ್ನೂ ಅಳೆದು ನೋಡಿ ದೀಪಾವಳಿಯ ನಂತರದ ಕಾರ್ತಿಕವನ್ನು ಆರಿಸಿದ್ದೇವೆ. ಮಳೆ ಬಿಟ್ಟಿರುತ್ತದೆ, ಕೆರೆಕಟ್ಟೆ ತುಂಬಿರುತ್ತವೆ. ಒಳ್ಳೆಯ ಮಳೆಯಾದ ವರ್ಷ ಜಲಾಶಯ ತನ್ನ ಗರಿಷ್ಠ ಮಟ್ಟವಾದ 1819 ಅಡಿಯ ಆಸುಪಾಸಿನಲ್ಲಿರುತ್ತದೆ. ಆಗಲೇ ನೀರಿನ ನಡುವೆ ಗುಡ್ಡದ ನೆತ್ತಿಗಳು ಪುಟ್ಟಪುಟ್ಟ ಹಸಿರು ನಡುಗಡ್ಡೆಗಳಾಗಿ ಶೋಭಿಸುವುದು. ನೋಡಲು ಅತ್ಯಂತ ರಮಣೀಯ. ಆ ನಡುಗಡ್ಡೆಗಳು ಹುಟ್ಟಿದ ಬಗೆಯನ್ನು ಮಕ್ಕಳಿಗೆ ಹೇಳಿಕೊಡುವುದು ಹಿರಿಯರ ಕರ್ತವ್ಯ. ಪ್ರತಿಯೊಂದು ನಡುಗಡ್ಡೆಯ ಕೆಳಗೆ ಒಂದು ಗುಡ್ಡ, ಗುಡ್ಡದ ಬುಡದಲ್ಲಿ ಒಂದು ಗದ್ದೆಬಯಲು, ಬಯಲಿನಂಚಿಗೆ ಅಡಕೆ ತೋಟ, ಮನೆ, ಹೊಳೆದಂಡೆಯಲ್ಲಿ ಅಪ್ಪೆಮಿಡಿಯ ಮಾವಿನ ಮರಗಳು ಇದ್ದುವು. ಉಪ್ಪಿನಕಾಯಿಗೆ ಹೆಸರಾದ ಮಿಡಿಯ ಎಷ್ಟು ಜಾತಿಗಳು ಈ ನೀರಿನಡಿಗೆ ಹೋದವೆಂಬುದನ್ನು ಲೆಕ್ಕವಿಟ್ಟವರಿಲ್ಲ.

ಅಣೆಕಟ್ಟು ಹುಟ್ಟಿಸಿದ ದ್ವೀಪಗಳು ಜಗತ್ತಿನ ಬೇರೆಡೆಗಳಲ್ಲಿಯೂ ಉಂಟು. ಪನಾಮಾ ಕಾಲುವೆಗಾಗಿ ಚಾಗ್ರೆಸ್ ನದಿಯನ್ನು ತಡೆದು ಗಾಟುನ್ ಸರೋವರವನ್ನು ತುಂಬಿಸಿದಾಗ ಒಂದು ಗುಡ್ಡದ ನೆತ್ತಿ ಬಾರೊ ಕೊಲೊರಾಡೊ ಎಂಬ ದ್ವೀಪವಾಯಿತು. 1920ರ ದಶಕದಿಂದ ವಿಜ್ಞಾನಿಗಳು ಅಲ್ಲಿ ಉಷ್ಣವಲಯದ ಕಾಡನ್ನು ಅಭ್ಯಾಸ ಮಾಡುತ್ತಿದ್ದಾರೆ. ಆಫ್ರಿಕದ ಜಾಂಬೇಸಿ ನದಿಗೆ ಕರೀಬಾ ಅಣೆಕಟ್ಟು ಕಟ್ಟಿದಾಗ ನಡುಗಡ್ಡೆಗಳಲ್ಲಿ ಸಿಕ್ಕಿಬಿದ್ದ ಸಾವಿರಾರು ಕಾಡುಪ್ರಾಣಿಗಳನ್ನು ದೋಣಿಗಳಲ್ಲಿ ಸಾಗಿಸಿದರು. ಆ ಸಾಹಸ ಜಗತ್ಪ್ರಸಿದ್ಧವಾಯಿತು. ಅದೇ ನೀರಿನಿಂದ ನೆಲೆ ತಪ್ಪಿದ ಟೊಂಗಾ ಜನರ ವಿಚಾರ ಅಷ್ಟು ಪ್ರಸಿದ್ಧವಾಗಲಿಲ್ಲ. ನಮ್ಮ ಶರಾವತಿಯ ಕಥೆಗೆ ಈ ವಿಷಯದಲ್ಲಿ ಒಂದು ಭಾಗ್ಯವಿತ್ತೆನ್ನಬೇಕು. ಲೋಕೋಪಯೋಗಿ ಇಲಾಖೆಯ ನೌಕರರಾಗಿ ಈ ಪ್ರದೇಶದಲ್ಲಿ ದುಡಿದ ನಾ. ಡಿಸೋಜ ಅವರು ತಾವು ಕಂಡದ್ದನ್ನು 'ಮುಳುಗಡೆ', 'ದ್ವೀಪ' ಕಾದಂಬರಿಗಳಲ್ಲಿ ಬರೆದಿಟ್ಟರು. 'ದ್ವೀಪ'ವನ್ನು ಗಿರೀಶ್ ಕಾಸರವಳ್ಳಿಯವರು ಚಲನಚಿತ್ರವಾಗಿಸಿದರು, ಅದಕ್ಕೆ ಸ್ವರ್ಣಕಮಲ ದೊರೆಯಿತು. ಡಿಸೋಜ ಅವರು 2025ರ ಜನವರಿಯಲ್ಲಿ ತೀರಿಕೊಂಡರು. ಆರು ತಿಂಗಳ ಬಳಿಕ ಸೇತುವೆ ತೆರೆಯಿತು. ಹೊರಡುವ ಮುನ್ನ ಮನೆಯ ಎಲ್ಲರೂ 'ದ್ವೀಪ'ವನ್ನು ಓದಿ ಮುಗಿಸಬೇಕೆಂದು ನಿಯಮ ಮಾಡಿದ್ದೇವೆ. ದೊಡ್ಡ ಪುಸ್ತಕವೇನಲ್ಲ, ಎರಡು ಸಂಜೆಗಳು ಸಾಕು.

ಸಾಮಾನು ಸರಂಜಾಮಿನ ವಿಚಾರವನ್ನು ಸಂಕ್ಷೇಪವಾಗಿ ಹೇಳುತ್ತೇವೆ. ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ, ಗುರೆಳ್ಳು ಚಟ್ನಿ ಕಟ್ಟಿಕೊಂಡರೆ ಎರಡು ದಿನಕ್ಕೆ ಕೆಡುವುದಿಲ್ಲ. ಅದರ ಮೇಲೆ ಮೊಸರು ಎಲ್ಲಿಯಾದರೂ ಸಿಗುತ್ತದೆ. ಕುಡಿಯುವ ನೀರು, ಬ್ಯಾಟರಿ, ಹಿರಿಯರ ಗುಳಿಗೆಗಳು, ತೆಳು ಕಂಬಳಿ, ಚಿಲ್ಲರೆ ಹಣ ಇರಲಿ. ಮೊಬೈಲನ್ನು ನಂಬಿ ಹೊರಡುವುದು ಬೇಡ. ಸಂಪರ್ಕ ಸಿಗದಿದ್ದುದಕ್ಕಾಗಿಯೇ ಅಲ್ಲಿಯ ಜನ ಮತದಾನ ಬಹಿಷ್ಕಾರದ ಮಾತೆತ್ತಿದ್ದರೆಂಬುದು ಪತ್ರಿಕೆಗಳಲ್ಲಿ ಬಂದ ಸಂಗತಿ. ಬೆಳಗಿನ ಇಷ್ಟಲಿಂಗ ಪೂಜೆಯನ್ನು ಮನೆಯಲ್ಲಿಯೇ ಮುಗಿಸಿ ಹೊರಡುವುದು. ಎರಡನೆಯ ದಿನದ ಪೂಜೆಗೆ ವಿಭೂತಿ, ಶುಭ್ರವಾದ ಒಂದು ಮಣೆವಸ್ತ್ರ, ಸಣ್ಣ ತಂಬಿಗೆ ಜೊತೆಗಿದ್ದರೆ ಸಾಕು, ಹೂವಿಗೆ ಮಲೆನಾಡಿನಲ್ಲಿ ಕೊರತೆಯಿಲ್ಲ. ನೀರಿನಂಚಿನಲ್ಲಿ ಮಕ್ಕಳನ್ನು ಒಂಟಿಯಾಗಿ ಬಿಡಬಾರದು. ಹಿನ್ನೀರಿನ ದಡ ಕೆರೆಯ ದಡದಂತೆ ಹಂತಹಂತವಾಗಿ ಇಳಿಯುವುದಿಲ್ಲ; ಹಳೆಯ ಹೊಂಡ, ಧರೆ, ಬೊಡ್ಡೆಗಳು ಕಾಣದಂತೆ ಅಡಗಿರುತ್ತವೆ. ಈಜು ಬಲ್ಲೆವೆಂಬ ಧೈರ್ಯ ಅಲ್ಲಿ ಕೆಲಸಕ್ಕೆ ಬಾರದು.

ಅಲ್ಲಿ ಏನು ನೋಡಬೇಕು? ಹೊರಗಿನಿಂದ ಬರುವವರಲ್ಲಿ ಬಹುಪಾಲು ಜನ ಸಿಗಂದೂರಿನ ಚೌಡಮ್ಮನ ದರ್ಶನಕ್ಕೆ ಬಂದು, ಪ್ರಸಾದ ಸ್ವೀಕರಿಸಿ, ಸಂಜೆಯೊಳಗೆ ಮರಳುತ್ತಾರೆ. ಹಿಂದಿನ ನೆಲೆ ಮುಳುಗಿದ ಮೇಲೆ ದೇವಿಯೂ ಜನರಂತೆಯೇ ಮೇಲಿನ ನೆಲೆಗೆ ಬಂದಳೆಂದು ಭಕ್ತರು ಹೇಳುತ್ತಾರೆ. ನಾವೂ ಅಲ್ಲಿಗೆ ಹೋಗುವವರೇ, ರಾತ್ರಿಯ ವಸತಿಗೂ ಅದೇ ಅನುಕೂಲ. ಆದರೆ ಒಂದು ಹಗಲನ್ನು ಪೂರ್ತಿಯಾಗಿ ಊರುಗಳಿಗೆ ಮೀಸಲಿಟ್ಟಿದ್ದೇವೆ. ತುಮರಿಯಲ್ಲಿ ಇಳಿದು ನಡೆಯುವುದು, ಅಂಗಡಿಯ ಮುಂದೆ ಕುಳಿತು ಚಹ ಕುಡಿಯುವುದು, ಹಿರಿಯರು ಸಿಕ್ಕರೆ ಮಾತನಾಡಿಸುವುದು. ಹವ್ಯಕರ ತೋಟಗಳಿವೆ, ದೀವರ ಮನೆಗಳಿವೆ. ದೀವರ ಹೆಣ್ಣುಮಕ್ಕಳು ಮದುವೆ ಹಬ್ಬಗಳಲ್ಲಿ ಗೋಡೆಗೆ ಕೆಮ್ಮಣ್ಣು ಸಾರಿಸಿ, ಪುಂಡಿನಾರಿನ ಕುಂಚವನ್ನು ಅಕ್ಕಿಹಿಟ್ಟಿನ ಬಿಳಿಯಲ್ಲಿ ಅದ್ದಿ ಬರೆಯುವ ಹಸೆ ಚಿತ್ತಾರ ಈಗ ದೂರದೂರದ ಪ್ರದರ್ಶನಗಳಲ್ಲಿ ಕಾಣಸಿಗುತ್ತದೆ. ಅದು ಹುಟ್ಟಿದ ಗೋಡೆಯ ಮೇಲೆ ನೋಡುವ ಅವಕಾಶ ಸಿಕ್ಕರೆ ನಮ್ಮ ಮನೆಯ ಹೆಣ್ಣುಮಕ್ಕಳಿಗೆ ಬೇರೆ ಪ್ರೇಕ್ಷಣೀಯ ಸ್ಥಳ ಬೇಕಾಗದು. ಮನೆಯವರ ಅಪ್ಪಣೆಯಿಲ್ಲದೆ ಯಾರ ಅಂಗಳದಲ್ಲಿಯೂ ಫೋಟೋ ತೆಗೆಯಬಾರದೆಂದು ಮಕ್ಕಳಿಗೆ ಈಗಲೇ ಹೇಳಿಟ್ಟಿದ್ದೇವೆ. ಸೇತುವೆ ತೆರೆದಂದಿನಿಂದ ವಾಹನಗಳು ಸಾಲುಗಟ್ಟಿವೆ. ಪ್ಲಾಸ್ಟಿಕ್ಕೂ ಬಾಟಲಿಯೂ ಅವುಗಳ ಹಿಂದೆಯೇ ಬರುತ್ತವೆ. ನಾವು ಒಯ್ದದ್ದನ್ನು ನಾವೇ ಮರಳಿ ತರುವುದು.

ಮಾತನಾಡಿಸುವಾಗ ಒಂದು ಸೂಕ್ಷ್ಮವಿದೆ. ಮುಳುಗಡೆಯ ವಿಚಾರ ಅವರಿಗೆ ಹಳೆಯ ಕಥೆಯಾಗಿ ಉಳಿದಿಲ್ಲ. ಶರಾವತಿಯ ನೀರು ತಳಕಳಲೆಗೆ ಹರಿದು, ಅಲ್ಲಿಂದ ಕೊಳವೆಗಳಲ್ಲಿ ಧುಮುಕಿ, ಹತ್ತು ಯಂತ್ರಗಳನ್ನು ತಿರುಗಿಸಿ 1035 ಮೆಗಾವ್ಯಾಟ್ ಸಾಮರ್ಥ್ಯದ ವಿದ್ಯುದಾಗಾರವನ್ನು ನಡೆಸುತ್ತದೆ. ನಾಡಿನ ನಗರಗಳು ಅದರಿಂದ ಬೆಳಗಿದವು. ಭೂಮಿ ಕೊಟ್ಟವರ ಮನೆಗಳಲ್ಲಿ ಚಿಮಣಿ ದೀಪ ಬಹುಕಾಲ ಉರಿಯಿತು. ಶಿವಮೊಗ್ಗ, ಸಾಗರ, ಹೊಸನಗರ ತಾಲ್ಲೂಕುಗಳ ಕಾಡುಗಳಲ್ಲಿ ಪುನರ್ವಸತಿ ಪಡೆದ ಕುಟುಂಬಗಳ ಭೂಮಿಯ ಹಕ್ಕಿನ ಪ್ರಶ್ನೆ ಮೂರನೆಯ ತಲೆಮಾರಿಗೂ ಬಗೆಹರಿಯದೆ ನ್ಯಾಯಾಲಯಗಳ ಮೆಟ್ಟಿಲೇರಿದೆ. ಇದೇ ಕಣಿವೆಯಲ್ಲಿ ತಳಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ 2000 ಮೆಗಾವ್ಯಾಟ್‌ನ ಮತ್ತೊಂದು ಯೋಜನೆಯ ಪ್ರಸ್ತಾಪ ಬಂದು, ಸಿಂಗಳೀಕಗಳ ಕಾಡಿನ ಅಳಿವು ಉಳಿವಿನ ಚರ್ಚೆ ಎದ್ದಿದೆ. ಯೋಜನೆಯ ಸಂಬಳದಿಂದ ಮಕ್ಕಳನ್ನು ಓದಿಸಿದ ಮನೆಯವರು ನಾವು. ಅವರ ಅಂಗಳದಲ್ಲಿ ಕುಳಿತಾಗ ನಮ್ಮ ಮಾತು ಕಡಿಮೆಯಿರಬೇಕು, ಕೇಳುವುದು ಹೆಚ್ಚಿರಬೇಕು. ಸೇತುವೆ ಬಂತಲ್ಲ, ಇನ್ನೇನು ಕಷ್ಟ ಎಂದು ಯಾರೂ ಅನ್ನಬಾರದೆಂದು ಮುತ್ಯಾ ಕಟ್ಟಪ್ಪಣೆ ಮಾಡಿದ್ದಾರೆ.

ಮರಳುವ ದಾರಿಯಲ್ಲಿ ಸೇತುವೆ ದಾಟಿ ಆವಿನಹಳ್ಳಿಯ ಮೇಲೆ ಸಾಗರದತ್ತ ಬರುವಾಗ ಇಕ್ಕೇರಿ ದೂರವಿಲ್ಲ. ಅಘೋರೇಶ್ವರನ ಗುಡಿಯನ್ನೂ ಎದುರಿನ ನಂದಿಯನ್ನೂ ನೋಡದೆ ಮುಂದೆ ಹೋಗಲು ವೀರಶೈವ ಮನೆತನದವರಿಗೆ ಮನಸ್ಸಾಗದು. ಸಮಯ ಉಳಿದರೆ ಕೆಳದಿಯ ರಾಮೇಶ್ವರ ಗುಡಿ, ವಸ್ತುಸಂಗ್ರಹಾಲಯಗಳನ್ನೂ ಸೇರಿಸಿಕೊಳ್ಳಬಹುದು. 1689ರಲ್ಲಿ ಔರಂಗಜೇಬನ ಸೈನ್ಯ ಬೆನ್ನಟ್ಟಿದ್ದ ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯವಿತ್ತ ಕೆಳದಿ ಚೆನ್ನಮ್ಮನ ಕಥೆ ನಮ್ಮ ಮಕ್ಕಳಿಗೆಲ್ಲ ಬಾಯಿಪಾಠ. ಹೋಗುವಾಗಿನ ದಾರಿಯ ಕಾಡಿನಲ್ಲಿ ಇನ್ನೊಬ್ಬ ರಾಣಿಯ ಕಾನೂರು ಕೋಟೆಯಿದೆಯೆಂಬುದನ್ನು ಅವರಿಗೆ ಯಾರೂ ಹೇಳಿರಲಿಲ್ಲ. ಗೇರುಸೊಪ್ಪೆಯ ಚೆನ್ನಭೈರಾದೇವಿ 1552ರಿಂದ 1606ರವರೆಗೆ ಆಳಿದ ಜೈನರಾಣಿ. ಪೋರ್ಚುಗೀಸರು ಆಕೆಯನ್ನು ಕಾಳುಮೆಣಸಿನ ರಾಣಿಯೆಂದು ಕರೆದರು. ಆಕೆಯ ರಾಜ್ಯವನ್ನು ಗೆದ್ದುಕೊಂಡವರು ಕೆಳದಿಯ ವೆಂಕಟಪ್ಪ ನಾಯಕರೇ. ಈ ಭಾಗವನ್ನು ಬಿಟ್ಟು ಉಳಿದದ್ದನ್ನು ಮಾತ್ರ ಹೇಳಿದರೆ ಚರಿತ್ರೆ ಹೇಳಿದಂತಾಗುವುದಿಲ್ಲ. ಕೋಟೆ ಅಭಯಾರಣ್ಯದ ಒಳಗಿರುವುದರಿಂದ ಅರಣ್ಯ ಇಲಾಖೆಯ ಅನುಮತಿ ಬೇಕು, ಕಾಡಿನ ನಡಿಗೆಯೂ ಬೇಕು; ಎಂಬತ್ತೊಂದರ ಹಿರಿಯರೂ ಐದರ ಮಗುವೂ ಜೊತೆಗಿರುವ ಈ ಸಲದ ಪಯಣದಲ್ಲಿ ಅದನ್ನು ಸೇರಿಸಿಲ್ಲ.

ಮುತ್ಯಾರ ಬಳಿ ಆ ಮಜ್ಜಿಗೆಯ ಮನೆಯ ಗುರುತಾಗಿ ಉಳಿದಿರುವುದು ಮೂರೇ ಸಂಗತಿಗಳು. ಮನೆಯ ಮುಂದೆ ಎರಡು ಹಲಸಿನ ಮರಗಳಿದ್ದುವು, ಯಜಮಾನರು ಒಂದು ಕಾಲು ಎಳೆದು ನಡೆಯುತ್ತಿದ್ದರು, ಹಿರಿಯ ಮಗಳನ್ನು ಬ್ಯಾಕೋಡಿನ ಕಡೆಗೆ ಕೊಟ್ಟಿದ್ದರು. ಊರಿನ ಹೆಸರನ್ನು ಅವರು ಎರಡು ಬಗೆಯಾಗಿ ಹೇಳುತ್ತಾರೆ. ಅಷ್ಟರಿಂದ ಯಾರನ್ನು ಹುಡುಕಲು ಸಾಧ್ಯವೆಂದು ಮನೆಯ ಕಿರಿಯರು ಸಂಶಯಪಟ್ಟರು. ಕರೂರು ಕಡೆಯಿಂದ ಕಾರ್ಗಲ್‌ಗೆ ಬಂದು ಹೋಗುವ ಒಬ್ಬ ತಾಯಿಯವರನ್ನು ಕೇಳಿದಾಗ, ಮುಳುಗಡೆಯ ಮೊದಲಿನ ಸಂಬಂಧಗಳನ್ನೆಲ್ಲ ಬಾಯಲ್ಲಿ ಹೇಳುವ ಅಜ್ಜಿಯರು ಇನ್ನೂ ಕೆಲವರಿದ್ದಾರೆ, ಕಾಲೆಳೆಯುವ ಯಜಮಾನರೆಂದರೆ ಅವರಿಗೆ ಸಾಕು ಎಂದರು. ಬ್ಯಾಕೋಡಿನಲ್ಲಿ ಯಾರ ಮನೆಯಲ್ಲಿ ವಿಚಾರಿಸಬೇಕೆಂದೂ ಹೇಳಿಕೊಟ್ಟರು. ಅದರಂತೆ ಮೊದಲ ದಿನದ ಮಧ್ಯಾಹ್ನವನ್ನು ಬ್ಯಾಕೋಡಿಗೆ ಇಟ್ಟು, ಸಿಗಂದೂರನ್ನು ಸಂಜೆಗೆ ಸರಿಸಿದ್ದೇವೆ.

ಮುತ್ಯಾ ಒಂದು ಡಬ್ಬಿಯಲ್ಲಿ ಧಾರವಾಡದ ಪೇಡೆ ತರಿಸಿ ಇಟ್ಟುಕೊಂಡಿದ್ದಾರೆ. ಯಾರೂ ಸಿಗದಿದ್ದರೆ ಏನು ಮಾಡುತ್ತೀರೆಂದು ಐದು ವರ್ಷದ ಮೊಮ್ಮಗಳು ಕೇಳಿದಳು. ಲಾಂಚಿನವರಿಗೆ ಕೊಡುತ್ತೇನೆಂದರು. ಹೊರಡುವ ದಿನ ಗೊತ್ತಾಗಿದೆ. ಮುಪ್ಪಾನೆಯಲ್ಲಿ ಲಾಂಚು ಉಂಟೋ ಇಲ್ಲವೋ ಎಂಬುದನ್ನು ಮಾತ್ರ ಹಿಂದಿನ ಸಂಜೆ ಕೇಳಿ ತಿಳಿಯಬೇಕಾಗಿದೆ.